ಬೈಯುವ ಅಜ್ಜಿಯ ನಡುಗಡ್ಡೆ

ನಮ್ಮ ಮನೆಗೆ ಬರಬೇಕಾದರೆ ಹೊಳೆ ದಾಟಬೇಕು. ಜಮಖಂಡಿಯಿಂದ ದಂಡೆಯ ಊರಿನ ತನಕ ಬಸ್ಸು, ಅಲ್ಲಿಂದ ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ಬೈಕೋ ಟ್ರ್ಯಾಕ್ಟರೋ ಸಿಕ್ಕಿದ್ದು, ಆಮೇಲೆ ಬೋಟು. ಕೃಷ್ಣೆ ಎರಡಾಗಿ ಒಡೆದು ಮತ್ತೆ ಕೂಡುವ ಜಾಗದಲ್ಲಿ ನಮ್ಮ ನಡುಗಡ್ಡೆ ಇದೆ. ಬೆರಳೆಣಿಕೆಯ ಮನೆಗಳು, ಅವುಗಳ ಸುತ್ತ ಕಬ್ಬು, ದನಗಳ ಕೊಟ್ಟಿಗೆ, ಒಂದು ಸಣ್ಣ ಗುಡಿ. ಕಡ್ಡಿಪೆಟ್ಟಿಗೆ ಖಾಲಿಯಾದರೂ ಆಚೆ ದಂಡೆಗೇ ಹೋಗಬೇಕು.

ನಾನು ಬನಹಟ್ಟಿಯವಳು. ನಮ್ಮ ಓಣಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಪವರ್‌ಲೂಮ್ ಸದ್ದು. ಎದುರಿಗಿದ್ದವರ ಜೊತೆಗೂ ಕೂಗಿ ಮಾತಾಡುವುದು ನಮಗೆ ರೂಢಿ. ಮದುವೆಯಾಗಿ ಇಲ್ಲಿಗೆ ಬಂದಾಗ ಮೊದಲ ಕೆಲವು ದಿನ ನಿದ್ದೆ ಹತ್ತಲಿಲ್ಲ. ಅತ್ತೆ ಅದನ್ನು ಗಮನಿಸಿದ್ದರು.

“ಏನ್ ಬೇ, ನಿದ್ದಿ ಬರವಲ್ದೇನು? ನಿನ್ನ ಸಲುವಾಗಿ ಇಲ್ಲಿ ಮಗ್ಗ ಎಲ್ಲಿಂದ ತರ್ಲಿ? ನಾ ಗೊರಕಿ ಹೊಡೀತೇನಿ, ಅದನ್ನ ಕೇಳ್ಕೋತ ಮಲ್ಕೊ,” ಎಂದರು. ಅವರು ನಗಿಸಲು ಹೇಳಿದರೋ ಬೈದರೋ ನನಗೆ ತಿಳಿಯಲಿಲ್ಲ. ಆ ಅನುಮಾನ ಬಹಳ ವರ್ಷ ಹಾಗೇ ಉಳಿಯಿತು.

ಅತ್ತೆ ಎಲ್ಲರಿಗೂ ಬೈಯುತ್ತಿದ್ದರು. ಮೇವು ಚೆಲ್ಲಿದ ಎಮ್ಮೆಗೆ, ತಡ ಮಾಡಿದ ಬೋಟಿನವನಿಗೆ, ಏರಿದ ಹೊಳೆಗೆ, ಇಳಿದ ಹೊಳೆಗೆ. ಮಾವನವರಿಗೂ ಬೈಯುತ್ತಿದ್ದರು. ಅವರು ನಕ್ಕು ತಲೆಗೆ ಟವೆಲ್ಲು ಸುತ್ತಿಕೊಂಡು ಹೊಲಕ್ಕೆ ಹೊರಟುಬಿಡುತ್ತಿದ್ದರು. ನನಗೆ ಹೋಗಲು ಹೊಲವಿರಲಿಲ್ಲ. ಜೋಳದ ಕಣಿಕೆಯ ಬಣವೆಯ ಹಿಂದೆ ನಿಂತು ಅತ್ತು, ಮುಖ ತೊಳೆದು ಒಳಗೆ ಬರುತ್ತಿದ್ದೆ. ಮಗಳು ಹುಟ್ಟಿದ ಮೇಲೆ ಅಳು ಕಡಿಮೆಯಾಯಿತು. ಆದರೆ ಅವರ ಹೆಜ್ಜೆಯ ಸಪ್ಪಳ ಕೇಳಿದರೆ ಕೈಯಲ್ಲಿದ್ದ ಕೆಲಸ ಬೇಗ ಬೇಗ ಸಾಗುತ್ತಿದ್ದದ್ದು ಮಾತ್ರ ನಿಲ್ಲಲಿಲ್ಲ.

ಮಾವನವರು ತೀರಿಕೊಂಡ ವರ್ಷ ಅತ್ತೆ ಬೈಯುವುದನ್ನೇ ಬಿಟ್ಟರು. ಎಮ್ಮೆ ಬಕೀಟು ಒದ್ದರೂ ಸುಮ್ಮನೆ ಎತ್ತಿಟ್ಟು ಒಳಗೆ ಬರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಸಂಜೆ ಹೊಳೆಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತರೆ ಕತ್ತಲಾದರೂ ಏಳುತ್ತಿರಲಿಲ್ಲ. ಬೈಗುಳವಿಲ್ಲದ ಮನೆ ಹೇಗಿರಬಹುದೆಂದು ಎಷ್ಟೋ ಸಲ ಆಸೆಪಟ್ಟಿದ್ದ ನನಗೆ ಅದು ಸಿಕ್ಕಾಗ ತಡೆಯಲಾಗಲಿಲ್ಲ.

ನನ್ನ ಗಂಡ ಗೆಸ್ಟ್‌ಹೌಸಿನ ಕೆಲಸಕ್ಕೆ ಕೈ ಹಾಕಿದ್ದು ಆಗಲೇ. ಕಬ್ಬನ್ನು ಹೊಳೆ ದಾಟಿಸಿ ಫ್ಯಾಕ್ಟರಿಗೆ ಮುಟ್ಟಿಸುವುದರಲ್ಲಿ ಅವರ ಸೊಂಟ ಬಿದ್ದುಹೋಗಿತ್ತು. ರಜೆಯ ದಿನಗಳಲ್ಲಿ ಜಮಖಂಡಿ, ಮುಧೋಳದ ಕಡೆಯವರು ಹೊಳೆ ನೋಡಲು ಬಂದು, ನಮ್ಮ ಮನೆಯಲ್ಲಿ ರೊಟ್ಟಿ ಕೇಳಿ ತಿಂದು ಹೋಗುತ್ತಿದ್ದರು. “ಬರೇ ರೊಟ್ಟಿ ತಿಂದ ಹೋಗ್ತಾರ. ಒಂದ ದಿನಾ ಇರ್ತೇವಂದ್ರ ಇರಾಕ ಜಾಗಾ ಬೇಕಲ್ಲ?” ಎಂದು ಹೇಳಿ ಎತ್ತರದ ದಿಬ್ಬದ ಮೇಲೆ ನಾಲ್ಕು ರೂಮು ಕಟ್ಟಿಸಿದರು. ಇಟ್ಟಿಗೆ, ಸಿಮೆಂಟು, ತಗಡು, ಕಮೋಡು ಎಲ್ಲವೂ ಬೋಟಿನಲ್ಲೇ ಬಂತು. ಕಮೋಡು ಹೊತ್ತ ಬೋಟು ನೋಡಲು ಅಕ್ಕಪಕ್ಕದವರೆಲ್ಲ ದಂಡೆಗೆ ಬಂದಿದ್ದರು.

ಮುಧೋಳದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು ರಜೆಗೆ ಬಂದಾಗ ಅಪ್ಪನಿಗೆ ಪೇಜು ಮಾಡಿಕೊಟ್ಟು, ರೀಲ್ಸ್ ಹಾಕುವುದನ್ನು ಕಲಿಸಿ ಹೋದಳು. ಅವರು ಸೂರ್ಯ ಹುಟ್ಟುವುದನ್ನು ಹಾಕಿದರು, ಮುಳುಗುವುದನ್ನು ಹಾಕಿದರು, ಬೆಳ್ಳಕ್ಕಿ ಹಾರುವುದನ್ನು ಹಾಕಿದರು. ಲೈಕು ಕೊಟ್ಟವರೆಲ್ಲ ನಮ್ಮ ಬೀಗರೇ. ಅವರಾದರೂ ಬಂದು ರೂಮು ಹಿಡಿಯುವವರಲ್ಲ, ಬಂದರೆ ಉಂಡು ಸೀರೆ ಉಡಿಸಿಕೊಂಡು ಹೋಗುವವರು.

ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುವುದನ್ನು ನನ್ನ ಗಂಡ ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಎದುರಿಗೆ ಕ್ಯಾಮೆರಾ ಇದ್ದದ್ದರಿಂದ ನನಗೆ ನಾಚಿಕೆ, ಅದರಲ್ಲಿ ಎಸರು ಸರಿಯಾಗಿ ಕುದಿಯುವ ಮೊದಲೇ ಹಿಟ್ಟು ಹಾಕಿಬಿಟ್ಟಿದ್ದೆ. ರೊಟ್ಟಿ ಅಂಚಿನಲ್ಲೆಲ್ಲ ಬಿರಿಯಿತು. ನಡುವೆಯೂ ಹರಿಯಿತು. ಆಗ ಅತ್ತೆ ಎಮ್ಮೆಯ ಹಾಲು ಹಿಂಡಿಕೊಂಡು ಒಳಗೆ ಬಂದವರು ಹಂಚಿನ ಮೇಲೆ ಬಗ್ಗಿ ನೋಡಿದರು.

“ಏ ಹುಚ್ಚಿ, ಎಸರು ಕುದಿಯೂತನಕ ನಿಂದ್ರಾಕ ನಿನಗೇನ್ ಧಾಡಿ ಆಗಿತ್ತು? ಬೋಟ್ ತಪ್ಪತಿತ್ತೇನು? ಇದು ರೊಟ್ಟಿ ಅಲ್ಲ ಬೇ, ನಕಾಶಿ. ನೋಡಿಲ್ಲಿ, ಈ ಕಡೆ ಬೀಳಗಿ, ಆ ಕಡೆ ಮುಧೋಳ, ನಡುವ ಹರದದ್ದು ನಮ್ಮ ಹೊಳಿ! ಇದನ್ನ ತಿನ್ನೂ ಮಂದಿ ಬಾಯಿ ಹಾಕಬೇಕೋ, ಬೋಟ್ ಹಾಕಬೇಕೋ?”

ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಕೇಳಿದ ದನಿ. ನನಗೆ ನಗು ತಡೆಯಲಾಗಲಿಲ್ಲ. ಅತ್ತೆಗೆ ಕಾಣದಂತೆ ತಲೆ ಬಗ್ಗಿಸಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನನ್ನ ಗಂಡನ ಕಣ್ಣಲ್ಲಿ ನೀರಿತ್ತು. ಅವರು ಆ ವಿಡಿಯೊ ಇದ್ದ ಹಾಗೇ ಹಾಕಿದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರ ಮೊಬೈಲು ಟಿಣ್ ಟಿಣ್ ಎನ್ನುವುದು ನಿಲ್ಲಲೇ ಇಲ್ಲ. ಎಲ್ಲೆಲ್ಲಿಯವರೋ ನೋಡಿದ್ದರು. ಬೀಳಗಿ, ಮುಧೋಳ ಯಾವ ದಿಕ್ಕಿಗಿವೆ ಎಂದು ತಿಳಿಯದವರೂ “ಈ ಕಡೆ ಬೀಳಗಿ, ಆ ಕಡೆ ಮುಧೋಳ” ಎಂದು ಬರೆಯುತ್ತಿದ್ದರು. ಎರಡೇ ವಾರದಲ್ಲಿ ನಾಲ್ಕೂ ರೂಮು ತುಂಬಿದವು. ಬಂದವರು ಬೋಟಿನಿಂದ ಇಳಿದು ಹೊಳೆಯ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಮೊದಮೊದಲು ಅತ್ತೆಗೂ ಖುಷಿಯೇ. ಮನೆಯಲ್ಲಿ ಮಂದಿ, ಗದ್ದಲ. ಯಾರೋ ಬಂದು “ಅಜ್ಜಿ, ನನಗೂ ಸ್ವಲ್ಪ ಬೈಯ್ರಿ” ಎನ್ನುವರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, “ಚಡ್ಡಿ ಹಾಕ್ಕೊಂಡ ಬಂದೀಯಲ್ಲೋ, ಪ್ಯಾಂಟು ಹೊಳ್ಯಾಗ ಬಿತ್ತೇನು?” ಎನ್ನುವರು. ಅವರು ಬಿದ್ದು ಬಿದ್ದು ನಗುವರು. ಮುಧೋಳದಿಂದ ಹೊಸದಾಗಿ ಮದುವೆಯಾದ ಒಂದು ಜೋಡಿ ಬಂದಿತ್ತು. ಗಂಡ ತನ್ನ ಹೆಂಡತಿಯನ್ನು ಮುಂದೆ ತಳ್ಳಿ ಇವಳಿಗೆ ಬೈಯಿರಿ ಎಂದ. ಅತ್ತೆ ಅವಳ ಗಲ್ಲ ಹಿಡಿದು ನೋಡಿ, ಬೈಯುವುದನ್ನು ಪೂರಾ ಆ ಹುಡುಗನಿಗೇ ಬೈದರು.

ಆದರೆ ಬೈಯುವುದಕ್ಕೂ ಕಾರಣ ಬೇಕಲ್ಲ. ನನ್ನ ಕೈಯಲ್ಲಿ ದಿನಾ ತಪ್ಪಾಗುತ್ತಿರಲಿಲ್ಲ. ಕೆಲವು ದಿನ ಹೊಸ ವಿಡಿಯೊ ಇಲ್ಲದಿದ್ದರೆ ಬುಕಿಂಗ್ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಒಂದು ದಿನ ನನ್ನ ಗಂಡ ಮೆಲ್ಲಗೆ ಬಂದು, “ಇವತ್ತ ಹಾಲು ಉಕ್ಕಸ್ತಿಯೇನು?” ಎಂದು ಕೇಳಿದರು.

“ಯಾಕ್ರಿ?”

“ಅವ್ವ ಏನರ ಅಂತಾಳ. ಸ್ವಲ್ಪ ಉಕ್ಕಿದ್ರ ಸಾಕು.”

ಹಾಲು ಉಕ್ಕಲಿ ಎಂದು ಒಲೆಯ ಮುಂದೆ ಕಾದು ನಿಲ್ಲುವುದು ಎಷ್ಟು ಕಷ್ಟವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಕೈ ತಾನಾಗಿಯೇ ಉರಿ ಹಿಂದೆಳೆಯಲು ಹೋಗುತ್ತದೆ. ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತೆ. ಹಾಲು ಉಕ್ಕಿತು. ಅತ್ತೆ ಬೈದರು. ಜನ ನೋಡಿದರು. ಆಮೇಲೆ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ಕೊಡ ಜಾರಿತು, ಒಣಗಲು ಹಾಕಿದ ಹಪ್ಪಳವನ್ನು ಆಡು ತಿಂದಿತು. ಎಲ್ಲದಕ್ಕೂ ನಾನೇ ಕಾರಣ. ಪ್ರತಿ ವಿಡಿಯೊದಲ್ಲೂ ತಲೆ ಬಗ್ಗಿಸಿ ಸೆರಗು ಬಾಯಿಗೆ ಒತ್ತಿಕೊಳ್ಳಬೇಕು, ಯಾಕೆಂದರೆ ಮೊದಲ ವಿಡಿಯೊದಲ್ಲಿ ಹಾಗೆ ಮಾಡಿದ್ದೆ. ಆಗ ನಾನು ನಕ್ಕಿದ್ದೆ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಅತ್ತಿದ್ದೇನೆಂದು ತಿಳಿದಿದ್ದರು.

ಕಾಮೆಂಟುಗಳಲ್ಲಿ ಅರ್ಧ ಮಂದಿ ಅಜ್ಜಿಯನ್ನು ಹೊಗಳುತ್ತಿದ್ದರು. ಇನ್ನರ್ಧ ಮಂದಿ ನನ್ನ ಮೇಲೆ ಕನಿಕರ ಪಡುತ್ತಿದ್ದರು. ‘ಪಾಪ ಆ ಹೆಣ್ಣುಮಗಳು’, ‘ತವರಿಗೆ ಹೋಗಿಬಿಡು ಅಕ್ಕಾ’, ‘ಇಂಥ ಅತ್ತೆ ಯಾರಿಗೂ ಬೇಡ’. ತವರಿಗೆ ಹೋಗುವುದು ಒತ್ತಟ್ಟಿಗಿರಲಿ, ಬನಹಟ್ಟಿಯಲ್ಲಿ ಒಂದು ರಾತ್ರಿ ಇದ್ದು ಬರುವುದೂ ಆಗುತ್ತಿರಲಿಲ್ಲ. ಅಣ್ಣನ ಮನೆಯ ಸೀಮಂತ, ಕೂಸಿನ ಜವಳ, ಶಾಂತಿ, ಎಲ್ಲ ಶನಿವಾರ ಭಾನುವಾರವೇ ಬರುತ್ತಿದ್ದವು. ನಮ್ಮಲ್ಲಿ ಬೋಟು ತುಂಬಿ ಬರುವುದೂ ಆವತ್ತೇ. ದಂಡೆಯಲ್ಲಿ ನಿಂತರೆ ಆಚೆಯ ಊರಿನ ಗುಡಿಯ ಧ್ವನಿವರ್ಧಕ ಕೇಳುತ್ತದೆ, ಟ್ರ್ಯಾಕ್ಟರಿನ ಹಾಡು ಕೇಳುತ್ತದೆ. ಕೇಳುವುದಷ್ಟೇ, ಹೋಗಲಾಗುವುದಿಲ್ಲ. ಬಂದವರು ಈ ಒಂಟಿತನವನ್ನೇ “ಎಷ್ಟು ಶಾಂತ, ನೀವು ಪುಣ್ಯವಂತರು” ಎನ್ನುವರು. ಹೌದ್ರೀ ಎಂದು ಚಹಾ ಕೊಡುತ್ತಿದ್ದೆ.

ಅತ್ತೆಗೆ ಓದಲು ಬರುವುದಿಲ್ಲ. “ಏನ್ ಬರದಾರ ಬೇ ಅದರಾಗ?” ಎಂದು ಆಗಾಗ ಕೇಳುತ್ತಿದ್ದರು. ಛಲೋ ಬರದಾರ್ರೀ ಎನ್ನುತ್ತಿದ್ದೆ.

ಬೇಸಿಗೆಯಲ್ಲಿ ರೂಮುಗಳು ಖಾಲಿ ಇದ್ದ ಒಂದು ದಿನ ಅತ್ತೆಯ ತವರಿನ ಕಡೆಯ ಮದುವೆಗೆಂದು ನಾವಿಬ್ಬರೂ ಬೀಳಗಿಗೆ ಹೋದೆವು. ಹೊಸ ಸೀರೆ ಉಟ್ಟು, ಕೊರಳಿಗೆ ಬೋರಮಾಳ ಹಾಕಿಕೊಂಡು ಅತ್ತೆ ಸಂತೋಷದಿಂದಲೇ ಹೊರಟಿದ್ದರು. ಮಂಟಪದಲ್ಲಿ ಹುಡುಗಿಯರು ಸುತ್ತುಗಟ್ಟಿ ಸೆಲ್ಫಿ ತೆಗೆದುಕೊಂಡರು. ಊಟದ ಸಾಲಿನಲ್ಲಿ ಅವರ ವಾರಿಗೆಯ ಹೆಂಗಸೊಬ್ಬರು, ಚಿಕ್ಕಂದಿನಲ್ಲಿ ಜೊತೆಗೆ ಆಡಿದವರು, ಪಕ್ಕದಲ್ಲಿ ಬಂದು ಕೂತರು.

“ಏನಕ್ಕಾ, ಸೊಸಿಗೆ ಹಂಗ ಊರ ಮುಂದ ಬೈತೀಯಂತ? ನಮ್ಮ ಮನ್ಯಾಗ ದಿನಾ ನಿಂದ ನೋಡ್ತಾರ. ಕಾಲ ಬ್ಯಾರೆ ಐತವಾ. ಬಾಯಿ ಸ್ವಲ್ಪ ಹಿಡಿ.”

ಅತ್ತೆ ಎಲೆಯ ಮೇಲಿದ್ದ ಸಿಹಿ ಮಾದಲಿಯನ್ನು ಬೆರಳಿನಿಂದ ಆಚೆ ಈಚೆ ಸರಿಸಿದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಹೊರಗೆ ನೋಡುತ್ತಾ, “ನೀನು ಹಂಗ ಅಂತೀಯೇನು ಮಂದಿ ಮುಂದ?” ಎಂದು ಒಂದೇ ಸಲ ಕೇಳಿದರು. ಇಲ್ರೀ ಎಂದೆ. ಅವರು ತಲೆ ಆಡಿಸಿದರು. ನಂಬಿದರೋ ಇಲ್ಲವೋ.

ಅದಾದ ಮೇಲೆ ಬೈಗುಳದಲ್ಲಿ ಮೊದಲಿನ ಉಪ್ಪು ಖಾರ ಉಳಿಯಲಿಲ್ಲ. ಹೇಳಿದ್ದನ್ನೇ ಹೇಳುತ್ತಿದ್ದರು. ನನ್ನ ಗಂಡ, “ಅವ್ವಾ, ಸ್ವಲ್ಪ ಜೋರು” ಎನ್ನುವರು. ಅತ್ತೆ ಜೋರು ಮಾಡುವರು. ಮುಗಿದ ಮೇಲೆ ನನ್ನ ಕಡೆ ನೋಡದೆ ಕೊಟ್ಟಿಗೆಗೆ ಹೋಗುವರು.

ಮಳೆಗಾಲಕ್ಕೆ ಸ್ವಲ್ಪ ಮೊದಲು ದೊಡ್ಡ ಊರಿನಿಂದ ಒಬ್ಬ ಹೆಂಗಸು ಒಬ್ಬರೇ ಬಂದು ಕೆಲವು ದಿನ ಇದ್ದರು. ಒಳ್ಳೆಯವರು. ತಮ್ಮ ತಟ್ಟೆ ತಾವೇ ತೊಳೆದಿಡುತ್ತಿದ್ದರು, ನನ್ನ ಜೊತೆ ಕೂತು ಮೆಂತ್ಯೆ ಸೋಸುತ್ತಿದ್ದರು. ಮಾತಿನ ನಡುವೆ ನನ್ನ ಓದು, ನನ್ನ ತವರು, ನನ್ನ ಹತ್ತಿರ ಸ್ವಂತದ ಮೊಬೈಲು ಇದೆಯೋ ಇಲ್ಲವೋ ಎಲ್ಲ ಕೇಳಿದ್ದರು. ಹೊರಡುವ ದಿನ ಬೋಟು ಬಂದು ನಿಂತಿತ್ತು. ಉಳಿದ ರೂಮಿನವರೂ ಅಂಗಳದಲ್ಲಿದ್ದರು, ನನ್ನ ಗಂಡ ಮೊಬೈಲು ಹಿಡಿದು ನಿಂತಿದ್ದರು. ಆ ಹೆಂಗಸು ಬ್ಯಾಗು ಕೆಳಗಿಟ್ಟು ಅತ್ತೆಯ ಎದುರಿಗೆ ಬಂದರು.

“ಅಮ್ಮಾ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸೊಸೆ ತಿರುಗಿ ಮಾತಾಡಲ್ಲ ಅಂತ ಎಲ್ಲರ ಎದುರಿಗೆ ಹೀಗೆ ಅವಮಾನ ಮಾಡೋದು ಸರಿಯಲ್ಲ. ಅವರೂ ಒಂದು ಮನೆಯ ಮಗಳೇ ಅಲ್ವಾ?”

ಅತ್ತೆ ನನ್ನ ಕಡೆ ನೋಡಿದರು. ನಾನು ಮುಂದೆ ಬಂದೆ.

“ಹಂಗೇನಿಲ್ರೀ ಅಕ್ಕಾರ, ನಮ್ಮ ಅತ್ತಿ ಭಾಳ ಛಲೋ ಅದಾರ್ರೀ. ಅದೆಲ್ಲಾ ಬರೇ ವಿಡಿಯೊಕ್ಕ ಮಾಡೂದು.”

ಆ ಹೆಂಗಸು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಗೊತ್ತು, ನೀವು ಹೀಗೇ ಹೇಳಬೇಕಾಗುತ್ತೆ,” ಎಂದು ಮೆಲ್ಲಗೆ ಹೇಳಿದರು. ಅವರ ಕಣ್ಣು ತುಂಬಿತ್ತು. ಇನ್ನೂ ಗಟ್ಟಿಯಾಗಿ ಹೇಳಿದೆ. ಗಟ್ಟಿಯಾಗಿ ಹೇಳಿದಷ್ಟೂ ಅವರು ನನ್ನ ಕೈಯನ್ನು ಬಿಗಿಯಾಗಿ ಒತ್ತಿದರು. ಯಾವ ಮಾತನ್ನು ಹೇಳಿದರೂ ಅದು ಅಂಜಿಕೆಯಿಂದ ಬಂದ ಮಾತೇ ಆಗುತ್ತಿತ್ತು. ನನ್ನದೇ ಮನೆಯ ಅಂಗಳದಲ್ಲಿ ನಿಂತು ನನ್ನ ಬಗ್ಗೆ ನಾನೇ ಹೇಳಿದ್ದನ್ನು ನಂಬಿಸಲು ನನ್ನಿಂದ ಆಗಲಿಲ್ಲ. ಬೋಟಿನವನು ಕೂಗಿದ. ಅವರು ನನ್ನ ಕೈಯಲ್ಲಿ ತಮ್ಮ ನಂಬರು ಬರೆದ ಚೀಟಿ ಇಟ್ಟು ಹೋದರು.

ಆ ಸಂಜೆ ಊಟಕ್ಕೆ ಕರೆಯಲು ಹೋದಾಗ ಅತ್ತೆ, “ಬಂದೇನ್ರಿ,” ಎಂದರು.

ನಾನು ಹಿಂದೆ ತಿರುಗಿ ನೋಡಿದೆ. ಗೆಸ್ಟು ಯಾರಾದರೂ ಬಂದರೇನೋ ಎಂದು. ಯಾರೂ ಇರಲಿಲ್ಲ.

“ನೀವೂ ಉಣ್ರಿ. ಹಸದಿರಬೇಕು,” ಎಂದರು ಅತ್ತೆ ನನಗೆ.

ಅಂದಿನಿಂದ ಅವರು ನನ್ನನ್ನು ಬಹುವಚನದಲ್ಲೇ ಮಾತಾಡಿಸಿದರು. ಚಹಾ ಕೊಟ್ಟರೆ “ಸಾಕ್ರಿ”. ನೀರು ಬೇಕಾದರೆ “ಒಂದ ತಂಬಗಿ ನೀರ ಕೊಡ್ತೀರೇನ್ರಿ?” ಸಿಟ್ಟು ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಕಿಟಕಿಯ ಆಚೆ ಕೂತವರ ಜೊತೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ನನ್ನ ಗಂಡನಿಗೆ ಮೊದಲಿನ ಹಾಗೆಯೇ ‘ಲೇ’. ನನಗೊಬ್ಬಳಿಗೇ ಈ ಗೌರವ. ಎರಡು ಕೋಣೆ, ಒಂದು ಅಡುಗೆಮನೆ, ಸುತ್ತಲೂ ನೀರು, ಅದರ ನಡುವೆ ನನ್ನನ್ನು ದೂರ ನಿಲ್ಲಿಸಲು ಅವರಿಗೆ ‘ರೀ’ ಎಂಬ ಅಷ್ಟು ಸಣ್ಣ ಅಕ್ಷರ ಸಾಕಾಯಿತು.

ಬಂದ ಗೆಸ್ಟುಗಳಿಗೂ ಅದೇ. “ಬರ್ರಿ, ಕುಂಡ್ರಿ, ಚಹಾ ಕುಡೀರಿ.” ಅವರು ಮುಖ ಮುಖ ನೋಡಿಕೊಳ್ಳುವರು. ‘ಅಜ್ಜಿ ಮಾತೇ ಆಡಲಿಲ್ಲ, ಅಷ್ಟು ದೂರ ಹೋದದ್ದು ವ್ಯರ್ಥ’ ಎಂದು ಒಬ್ಬರು ಬರೆದರು. ನನ್ನ ಗಂಡ ಅವ್ವನ ಮುಂದೆ ಕೂತು, “ಒಂದಾ ಒಂದು ಅವ್ವಾ, ಸಣ್ಣದು,” ಎಂದು ಬೇಡಿದರು. “ನನಗ ಬೈಯಾಕ ಬರೂದಿಲ್ಲಪಾ,” ಎಂದು ಅತ್ತೆ ಸೊಪ್ಪು ಬಿಡಿಸುತ್ತಾ ಕೂತರು.

ಆಮೇಲೆ ಮಳೆ. ನಮ್ಮಲ್ಲಿ ಅಷ್ಟೇನೂ ಇರಲಿಲ್ಲ, ಮಹಾರಾಷ್ಟ್ರದ ಕಡೆ ಜೋರು. ಹಿಪ್ಪರಗಿಯ ಬ್ಯಾರೇಜಿನಲ್ಲಿ ಗೇಟು ತೆಗೆದರೆಂದು ಸುದ್ದಿ ಬಂತು. ಹೊಳೆ ಕೆಂಪಗೆ ತಿರುಗಿ ಕೆಳಗಿನ ಕಬ್ಬಿಗೆ ಬಂದು ನಿಂತಿತು. ಬೋಟು ಕಟ್ಟಿಹಾಕಿದರು. ಅದಕ್ಕೂ ಮೊದಲೇ ತಹಶೀಲ್ದಾರ್ ಕಚೇರಿಯವರು ಆಚೆಗೆ ಹೋಗಿ ಕ್ಯಾಂಪಿನಲ್ಲಿರಿ ಎಂದು ಹೇಳಿ ಕಳಿಸಿದ್ದರು. ದನ ಬಿಟ್ಟು ಹೇಗೆ ಹೋಗುವುದು? ದಿಬ್ಬದ ಮೇಲಿನ ರೂಮುಗಳಲ್ಲಿ ಒಂದಕ್ಕೆ ನಾವೇ ಗೆಸ್ಟುಗಳ ಹಾಗೆ ಹೋಗಿ ಸೇರಿದೆವು, ಇನ್ನೊಂದರಲ್ಲಿ ಜೋಳ ತುಂಬಿದೆವು. ರೂಮಿನ ಹಿಂದೆ ತಗಡು ಇಳಿಬಿಟ್ಟು ಎಮ್ಮೆಗಳನ್ನು ಕಟ್ಟಿದೆವು. ಕರೆಂಟು ಇಲ್ಲ, ಮೊಬೈಲು ಸತ್ತಿತು. ಮೂವರೇ. ಬೆಳಗಿನಿಂದ ಸಂಜೆಯವರೆಗೆ ಆ ‘ರೀ’.

ಒಂದು ದಿನ ನಾನು ಬೇಕೆಂದೇ ರೊಟ್ಟಿ ಸುಟ್ಟೆ. ಯಾರೂ ಹೇಳಿರಲಿಲ್ಲ, ಹಿಡಿಯಲು ಕ್ಯಾಮೆರಾ ಇರಲಿಲ್ಲ. ಕರ್ರಗಾದ ರೊಟ್ಟಿಯನ್ನು ಅತ್ತೆಯ ತಟ್ಟೆಗೆ ಹಾಕಿ ಎದುರಿಗೇ ಕೂತೆ. ಅವರು ಮುರಿದು, ಪುಂಡಿಪಲ್ಯದ ಜೊತೆ ಬಾಯಿಗಿಟ್ಟು, ನಿಧಾನ ಅಗಿದು, “ಛಲೋ ಆಗ್ಯಾವ್ರಿ,” ಎಂದರು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

ಸಂಜೆ ಅತ್ತೆ ಎಮ್ಮೆಯ ಹಾಲು ಹಿಂಡುತ್ತಿದ್ದರು. ನಾನು ಮೇವು ಹಾಕುತ್ತಿದ್ದೆ. “ಸ್ವಲ್ಪ ಆ ಕಡೆ ಸರೀತೀರೇನ್ರಿ, ಎಮ್ಮಿ ಬೆದರ್ತೈತಿ,” ಎಂದರು. ಅಷ್ಟೇ. ನನ್ನ ಕೈಯಲ್ಲಿದ್ದ ಮೇವು ಕೆಳಗೆ ಬಿತ್ತು.

“ಯಾಕ ರೀ ಅಂತೀರಿ ನನಗ? ನಾ ಏನ್ ತಹಶೀಲ್ದಾರೇನು? ಬಂದ ದಿನದಿಂದ ಹುಚ್ಚಿ ಅಂದ್ರಿ, ಕುಡ್ಡಿ ಅಂದ್ರಿ, ಅಪ್ಪನ ಮನ್ಯಾಗ ಏನ್ ಕಲ್ತ ಬಂದಿ ಅಂದ್ರಿ. ಮಗಳು ಹುಟ್ಟಿದಾಗ ಹೆಣ್ಣ ಐತಿ ಅಂತ ನಮ್ಮವ್ವನ ಮುಂದ ಮುಖ ತಿರಿವಿದ್ರಿ. ಅವತ್ತ ನಾ ಏನರ ಅಂದ್ನೇನು? ಯಾರೋ ಬೋಟಿನ್ಯಾಗ ಬಂದು ಹೋಗಾಕಿ ಒಂದ ಮಾತ ಅಂದಳಂತ ನನ್ನ ಮನಿಯಿಂದ ಹೊರಗ ಹಾಕ್ದಂಗ ಮಾಡೀರಿ! ಬೈಯ್ರಿ, ಬೇಕಾದ್ರ ಹೊಡೀರಿ. ಇಲ್ಲಿಂದ ಓಡಿ ಹೋಗಾಕೂ ದಾರಿ ಇಲ್ಲ, ನೋಡ್ರಿ ಸುತ್ತ ನೀರ. ಅದರಾಗ ನೀವು ಮಾತೂ ಕಸಗೊಂಡ್ರಿ!”

ಇನ್ನೂ ಏನೇನೋ ಅಂದೆ. ಬನಹಟ್ಟಿಯ ಓಣಿಯ ದನಿಯಲ್ಲಿ. ತಗಡಿನ ಮೇಲೆ ಬೀಳುತ್ತಿದ್ದ ಮಳೆಯ ಸದ್ದಿಗಿಂತ ಮೇಲೆ.

ಅತ್ತೆ ಎಮ್ಮೆಯ ಹೊಟ್ಟೆಗೆ ತಲೆ ಆನಿಸಿ ಕೂತವರು ಹಾಗೇ ಕೂತಿದ್ದರು. ಆಮೇಲೆ ಮುಖ ತಿರುಗಿಸಿದರು.

“ಇಷ್ಟೆಲ್ಲಾ ಬಾಯಾಗ ಇಟ್ಕೊಂಡು ಇಷ್ಟ ವರ್ಸ ಅನ್ನ ಹೆಂಗ ಉಂಡಿ ಬೇ?”

ಆ ‘ಬೇ’ ಕೇಳಿ ನಾನು ಅಲ್ಲೇ ಮೇವಿನ ಮೇಲೆ ಕೂತುಬಿಟ್ಟೆ.

“ಆಕಿ ಅಂದದ್ದಕ್ಕ ನನಗೇನೂ ಅನಸ್ಲಿಲ್ಲ,” ಎಂದರು ಅತ್ತೆ. “ಅಂಥಾಕಿ ಹತ್ತ ಮಂದಿ ಅನ್ನಲಿ. ನೀ ಛಲೋ ಅದಾರ್ರೀ ಅಂದೆಲ್ಲ, ಆವಾಗ ನಿನ್ನ ದನಿ ಅಂಜಿದಾಕಿ ದನಿ ಇದ್ದಂಗಿತ್ತು. ನನಗೂ ಹಂಗ ಕೇಳಸ್ತು. ಖರೇ ಹೇಳು. ಅಂಜ್ತಿಯೇನು ನನಗ?”

ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಮೊದಲ ಅಂಜತಿದ್ನಿರಿ. ಈಗ ಇಲ್ಲ.”

“ಮೊದಲಂದ್ರ, ಎಲ್ಲೀತನಕ?”

“ಮಾವ್ನಾರು ಹೋಗೂತನಕ.”

ಅಷ್ಟು ವರ್ಷಗಳನ್ನು ಅವರು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದಾರೆ ಎಂದು ನನಗೆ ಅನಿಸಿತು. ತಪ್ಪಾಯಿತು ಎನ್ನುವ ಹೆಂಗಸಲ್ಲ ಅವರು. “ಎಮ್ಮಿ ಬೆದರಿ ಹಾಲ ಏರಿಸ್ಕೊಂಡೈತಿ. ಇನ್ನ ಅದು ಇಳಸೂತನಕ ಕುಂಡ್ರು ಇಲ್ಲೇ,” ಎಂದರು. ಕೂತೆ.

ತಗಡಿನ ಅಂಚಿನಲ್ಲಿ ನನ್ನ ಗಂಡ ಗೋಣಿಚೀಲ ಹೊದ್ದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅಭ್ಯಾಸಬಲದಿಂದ ಅವರ ಕೈ ಕಿಸೆಯ ಕಡೆ ಹೋಯಿತು. “ಲೇ,” ಎಂದರು ಅತ್ತೆ, “ಅದನ್ನ ಹೊರಗ ತಗದಿ ಅಂದ್ರ ಅದರಲೇ ನಿನ್ನ ಕಡಿಂದ ಸಗಣಿ ಬಳಿಸ್ತೇನಿ.” ಚಾರ್ಜು ಇಲ್ಲದ ಮೊಬೈಲು. ಆದರೂ ಅವರು ಕೈ ಹಿಂದೆ ತೆಗೆದುಕೊಂಡರು.

ಹೊಳೆ ಇಳಿಯಿತು. ಮನೆಯ ಕೆಸರು ಬಳಿದು, ಗೋಡೆ ತೊಳೆದು, ಮತ್ತೆ ರೂಮು ತೆರೆದೆವು. ಅಡುಗೆಮನೆಯಲ್ಲಿ ಇನ್ನು ವಿಡಿಯೊ ಬೇಡ ಎಂದು ಮೂವರೂ ಒಪ್ಪಿಕೊಂಡೆವು. ನಾನೇ ಕ್ಯಾಮೆರಾದ ಮುಂದೆ ನಿಂತು ಹೊಳೆ, ಹೊಲ, ಬೆಲ್ಲದ ಗಾಣ ತೋರಿಸಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ಮಗಳು ಹಾಸ್ಟೆಲಿನಿಂದ ಹೇಳಿದಳು. ಆದರೆ ಅದರ ಕೆಳಗೆ ಬಂದ ಪ್ರಶ್ನೆ ಒಂದೇ: ಅಜ್ಜಿ ಎಲ್ಲಿ?

ಮೊದಲು ಪ್ರೀತಿಯಿಂದ ಕೇಳಿದರು. ಆಮೇಲೆ ಅನುಮಾನದಿಂದ. ‘ಅಜ್ಜಿ ಹೋಗಿಬಿಟ್ಟರಾ?’ ‘ಪ್ರವಾಹದಲ್ಲಿ ಏನಾದರೂ ಆಯಿತಾ?’ ಆಮೇಲೆ ಒಬ್ಬರು, ‘ಸೊಸೆ ಈಗ ಹೇಗೆ ಮಿಂಚುತ್ತಿದ್ದಾಳೆ ನೋಡಿ, ಅಜ್ಜಿಯನ್ನು ಹೊರಗೆ ಹಾಕಿರಬೇಕು’ ಎಂದು ಬರೆದರು. ಅದು ಹಿಡಿಯಿತು. ನಿನ್ನೆ ಮೊನ್ನೆಯವರೆಗೆ ‘ಪಾಪ ಅಕ್ಕಾ’ ಎಂದಿದ್ದವರೇ ನನ್ನನ್ನು ಪಿಶಾಚಿ ಎಂದರು. ಬನಹಟ್ಟಿಯಿಂದ ಅಣ್ಣ ಫೋನು ಮಾಡಿ, “ಏನವಾ, ಅತ್ತಿ ಎಲ್ಲದಾರ? ನಮ್ಮ ಓಣ್ಯಾಗ ಮಂದಿ ಕೇಳಾಕತ್ತಾರ,” ಎಂದ. ಅತ್ತೆ ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಈ ಸಲ ನಾನು ಎಲ್ಲವನ್ನೂ ಓದಿ ಹೇಳಿದೆ. ಪಿಶಾಚಿ ಎಂಬುದನ್ನೂ. ಅತ್ತೆ ಅವರೆಕಾಯಿಯ ಬುಟ್ಟಿ ಪಕ್ಕಕ್ಕೆ ಸರಿಸಿ ಮಗನನ್ನು ಕರೆದರು. “ಹಿಡಿ ನಿನ್ನ ಡಬ್ಬಿ,” ಎಂದರು. ಕಟ್ಟೆಯ ಮೇಲೆ ಸೀದಾ ಕೂತು, ಸೆರಗು ಸರಿ ಮಾಡಿಕೊಂಡು, ಕ್ಯಾಮೆರಾವನ್ನೇ ದಿಟ್ಟಿಸಿದರು.

“ಸತ್ತಿಲ್ಲ, ಬದಕೇನಿ. ನನ್ನ ಸೊಸಿ ನನ್ನ ಹೊರಗ ಹಾಕಿಲ್ಲ, ಹೊರಗ ಅಂದ್ರ ಹೊಳಿ, ಅಲ್ಲಿ ಹಾಕಾಕ ಬರೂದಿಲ್ಲ. ನಿಮ್ಮ ನಿಮ್ಮ ಮನಿ ಮುದಕ್ಯಾರು ಉಂಡಾರೋ ಇಲ್ಲೋ ಅದನ್ನ ಹೋಗಿ ನೋಡ್ರಿ ಮೊದಲ. ಕೆಲಸಿಲ್ಲದ ಮಂದಿ!”

ನನ್ನನ್ನು ಕಾಪಾಡಲು ಆಡಿದ ಮಾತು. ಆದರೆ ಅದು ಮೊದಲಿನ ವಿಡಿಯೊಗಿಂತಲೂ ಹೆಚ್ಚು ಓಡಿತು. ದೀಪಾವಳಿಯ ಮುಂದಿನ ವಾರಗಳೆಲ್ಲ ಬುಕ್ ಆದವು. ಬೋಟಿನವನು ಇನ್ನೊಂದು ಬೋಟು ಇಳಿಸಿದ. ‘ಕೆಲಸಿಲ್ಲದ ಮಂದಿ’ ಎಂದು ಬರೆದ ಟೀ ಶರ್ಟು ಹಾಕಿಕೊಂಡು ಹುಡುಗರು ಬಂದು ಇಳಿದರು. ನನ್ನ ಗಂಡ ಸಂತೋಷಪಡಬೇಕೋ ಬೇಡವೋ ತಿಳಿಯದೆ ನಮ್ಮಿಬ್ಬರ ಮುಖ ನೋಡಿದರು. ಅತ್ತೆ ನಿಟ್ಟುಸಿರು ಬಿಟ್ಟು ಹೊರಗೆ ಬಂದು, ಆ ಹುಡುಗರಿಗೆ ಬೈದರು. ಹೊಟ್ಟೆಗೆ ಬೇಕಲ್ಲ.

ಈಗ ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಒಪ್ಪಂದವಿದೆ. ಮಂದಿಯ ಮುಂದೆ ಬೈದದ್ದು ಲೆಕ್ಕಕ್ಕಿಲ್ಲ. ಮಂದಿ ಇಲ್ಲದಾಗ ಅವರು ಒಂದು ಅಂದರೆ ನಾನೂ ಒಂದು ಅನ್ನುತ್ತೇನೆ. ಆದರೆ ಮಂದಿ ಇಲ್ಲದ ಹೊತ್ತು ಕಡಿಮೆ.

ಮೊನ್ನೆ ಭಾನುವಾರ ಬನಹಟ್ಟಿಯಲ್ಲಿ ಅಣ್ಣನ ಹೊಸ ಮನೆಯ ಶಾಂತಿ ಇತ್ತು. “ಹೋಗಿ ಬಾ. ಒಂದ ರಾತ್ರಿ ಇದ್ದ ಬಾ. ನಾನೇನ್ ಹಾಸಗಿ ಹಿಡದಿಲ್ಲ, ನೋಡ್ಕೋತೇನಿ,” ಎಂದು ಅತ್ತೆಯೇ ಹೇಳಿದರು. ಬೆಳಿಗ್ಗೆ ಬೇಗ ಅಡುಗೆ ಮುಗಿಸಿ, ಇಳಕಲ್ ಸೀರೆ ಉಟ್ಟು, ಉಡಿಯ ಸಾಮಾನು ಚೀಲಕ್ಕೆ ಹಾಕಿಕೊಂಡು ದಂಡೆಗೆ ಇಳಿದೆ. ಬೋಟು ಬಂತು. ಅದರಲ್ಲಿ ದೊಡ್ಡ ಕುಟುಂಬವೊಂದು, ಹೇಳದೆ ಬಂದವರು, ಕೈಗೂಸು ಸಮೇತ. ಒಬ್ಬ ಮುದುಕಿಗೆ ಜಾರುವ ದಂಡೆ ಹತ್ತಲು ಆಗುತ್ತಿರಲಿಲ್ಲ. ನಾನು ಕೈ ಹಿಡಿದು ಹತ್ತಿಸಿದೆ. ಮೇಲೆ ಮುಟ್ಟಿಸಿದಾಗ ಅವರು ನೀರು ಕೇಳಿದರು. ನೀರು ಕೊಟ್ಟೆ. ಕೂಸಿಗೆ ಹಾಲು ಬೇಕಿತ್ತು. ಹಾಲು ಕಾಯಿಸಿದೆ. ನನ್ನ ಗಂಡ ಗುದ್ದಲಿ ಕೆಳಗಿಟ್ಟು ಬಂದು, “ಇಷ್ಟ ಮಂದಿ ಅದಾರ, ಅವ್ವ ಒಬ್ಬಾಕೀನ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಬೋಟಿನವನು ದಂಡೆಯಿಂದ, “ಬರ್ತೀರೇನ್ರಿ ವೈನಿ?” ಎಂದು ಕೂಗಿದ. ಮುಂದಿನದಕ್ಕೆ ಬರುತ್ತೇನೆ ಎಂದೆ. ಮುಂದಿನದೂ ತುಂಬಿ ಬಂತು.

ಮಧ್ಯಾಹ್ನ ಅಣ್ಣ ಫೋನು ಮಾಡಿದ. ಹಿಂದೆ 'ಊಟಕ್ಕೆ ಏಳ್ರಿ' ಎನ್ನುವ ಗದ್ದಲ ಕೇಳುತ್ತಿತ್ತು. ಬರುವ ವಾರ ಬರುತ್ತೇನೆ ಎಂದು ಹೇಳಿ ಇಟ್ಟೆ. ಅತ್ತೆ ಪರಾತಕ್ಕೆ ಜೋಳದ ಹಿಟ್ಟು ಸುರಿಯುತ್ತಿದ್ದವರು ನನ್ನನ್ನೊಮ್ಮೆ, ನನ್ನ ಸೀರೆಯನ್ನೊಮ್ಮೆ ನೋಡಿದರು.

“ಸೀರಿ ಬದ್ಲಿ ಮಾಡ್ಕೊಂಡ ಬಾ,” ಎಂದರು. “ಹಿಟ್ಟ ಹತ್ತತೈತಿ.”